ಕೂಲಿಗೆ ಬಂದ ದ್ರೌಪದಿ

ನಮ್ಮ ಕಡೆ ಊರ ನಾಟಕದ ಲೆಕ್ಕವೇ ತಿರುಗುಮುರುಗು. ಪಾತ್ರ ಮಾಡುವ ಗಂಡಸರು ತಾವೇ ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ದುರ್ಯೋಧನನಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಕಬ್ಬು ಕಡಿದು ಬಂದವರು, ಸ್ಕೂಲ್ ಮೇಷ್ಟ್ರು, ಬಸ್ ಕಂಡಕ್ಟರು ಎಲ್ಲರೂ ತಿಂಗಳುಗಟ್ಟಲೆ ಹಾರ್ಮೋನಿಯಂ ಮುಂದೆ ಕೂತು ಗಂಟಲು ಹರಿದುಕೊಳ್ಳುತ್ತಾರೆ. ಟಿಕೆಟ್ ಇಲ್ಲ, ಲಾಭವಿಲ್ಲ. ಆದರೆ ಹೆಣ್ಣು ಪಾತ್ರಕ್ಕೆ ಊರಿನ ಹೆಂಗಸರು ಬರುವುದಿಲ್ಲ. ಅದಕ್ಕೆ ಮಂಡ್ಯದಿಂದ ಕೂಲಿ ಕೊಟ್ಟು ಕರೆಸಬೇಕು. ಹಾಗೆ ಹೋಗುವವರಲ್ಲಿ ಮಂಡ್ಯದ ಗುತ್ತಲು ಬಡಾವಣೆಯ ಜಯಲಕ್ಷ್ಮಮ್ಮ ಒಬ್ಬಳು. ನಾನು ಅವಳ ನೆರೆಯವನು, ಮೇಕಪ್ಪಿನ ಸ್ವಾಮಿ. ಅವಳ ಮುಖಕ್ಕೆ ಬಣ್ಣ ಹಚ್ಚಿ ಹಚ್ಚಿ ನನ್ನ ತಲೆಯೇ ನರೆತುಹೋಯಿತು.

ಲಾಭವಿಲ್ಲ ಅಂದೆ. ಪೂರ್ತಿ ಹಾಗೂ ಅಲ್ಲ. ಒಂದು ನಾಟಕ ಅಂದರೆ ಮದ್ದೂರಿನ ಸೀನರಿ ಪರದೆಯವನಿಗೆ, ಶಾಮಿಯಾನದವನಿಗೆ, ಹೂ ಕಟ್ಟುವ ಮಂಚಮ್ಮನಿಗೆ, ಬೋಂಡದ ಗಾಡಿಯವನಿಗೆ, ನನಗೆ ಒಲೆ ಉರಿಯುತ್ತದೆ. ಬದುವಿನ ಜಗಳಕ್ಕೆ ಮಾತು ಬಿಟ್ಟ ದಾಯಾದಿಗಳು ಧರ್ಮರಾಯ, ಭೀಮ ಆಗಿಬಿಟ್ಟರೆ ಒಬ್ಬರನ್ನೊಬ್ಬರು ಅಣ್ಣ ತಮ್ಮ ಅನ್ನದೆ ಗತಿಯಿಲ್ಲ. ಮೊದಲು ಬಾಯಿಪಾಠಕ್ಕೆ ಅನ್ನುತ್ತಾರೆ, ಆಮೇಲೆ ಒಟ್ಟಿಗೆ ಟೀ ಕುಡಿಯುತ್ತಾರೆ. ಕಣ್ಣಾರೆ ಕಂಡಿದ್ದೇನೆ.

ಜಯಲಕ್ಷ್ಮಮ್ಮನಿಗೆ ಮಾತ್ರ ಇದರಿಂದ ಸಿಕ್ಕಿದ್ದು ಮಂಡಿನೋವು. ಗಂಡ ಲಿಂಗಯ್ಯ ತೀರಿಕೊಂಡ ಮೇಲೆ ಹಗಲು ಬ್ಲೌಸ್ ಹೊಲಿದು, ಕರೆ ಬಂದಾಗ ಬಣ್ಣ ಹಚ್ಚಿ, ಮಗಳು ಬಿಂದುಶ್ರೀಯನ್ನು ಓದಿಸಿದಳು. ಹುಡುಗಿ ಈಗ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. "ಇವ್ಳ್ ಒಂದ್ ಮನೆ ಸೇರ್ಕಂಡ್ರೆ ಸಾಕು ಸ್ವಾಮಣ್ಣ, ಆಮ್ಯಾಕೆ ಬಣ್ಣ ಮುಟ್ಟಕಿಲ್ಲ. ಸಾಕಾಗೋಗದೆ ನಂಗೆ," ಅನ್ನುತ್ತಿದ್ದಳು. ಅವಳ ಆಸೆ ಇಷ್ಟೇ.

ಬೆಳಕವಾಡಿಯಿಂದ ಸಂಬಂಧ ಬಂತು. ಹುಡುಗ ಪ್ರೀತಂ, ಮಳವಳ್ಳಿಯಲ್ಲಿ ಮೊಬೈಲ್ ಅಂಗಡಿ. ಫೋಟೋ ಒಪ್ಪಿಗೆಯಾಗಿ, ಜಾತಕ ಕೂಡಿದ ಮೇಲೆಯೇ ಹೆಣ್ಣು ನೋಡಲು ಬಂದರು. ತಾಯಿ ಟೈಲರಿಂಗ್ ಮಾಡುತ್ತಾಳೆ ಎಂದಷ್ಟೇ ಬ್ರೋಕರ್ ಅಶೋಕ್ ಹೇಳಿದ್ದ. ಗಂಡು ದಿಕ್ಕಿಲ್ಲದ ಮನೆ ಅನ್ನಿಸಬಾರದೆಂದು ನಾನೂ ಬಿಳಿ ಶರ್ಟು ಹಾಕಿ ಚಾಪೆಯ ಮೇಲೆ ಕೂತಿದ್ದೆ.

ಹುಡುಗನ ಅಪ್ಪ ಒಳಗೆ ಬಂದ. ನೋಡಿದರೆ ಕೆಂಪರಾಜು! ಹೋದ ವರ್ಷ ಅವರೂರಿನ ನಾಟಕದಲ್ಲಿ ದುಶ್ಶಾಸನ ಮಾಡಿದವನು. ಜಯಲಕ್ಷ್ಮಮ್ಮನ ಸೆರಗು ಎಳೆದು ಶಿಳ್ಳೆ ಹೊಡೆಸಿಕೊಂಡವನು. ಅವನಿಗೂ ಗುರುತು ಸಿಕ್ಕಿತು. ತಲೆ ಬಗ್ಗಿಸಿ ಕೇಸರಿಬಾತು ತಿನ್ನತೊಡಗಿದ.

ಅವನ ಹೆಂಡತಿ ಜಯಲಕ್ಷ್ಮಮ್ಮನ ಮುಖವನ್ನೇ ನೋಡುತ್ತಾ, "ನಿಮ್ಮುನ್ನ ಎಲ್ಲೋ ನೋಡ್ದಂಗಾಯ್ತದಲ್ಲ?" ಅಂದಳು.

"ಯಾರ್ನೋ ನೋಡಿರ್ತೀಯ ಬುಡು," ಅಂದ ಕೆಂಪರಾಜು.

ಜಯಲಕ್ಷ್ಮಮ್ಮ ನೀರಿನ ಲೋಟ ಕೆಳಗಿಟ್ಟಳು. "ಸುಳ್ಯಾಕೆ? ನಿಮ್ಮೂರ್ ನಾಟುಕ್ದಾಗೇ ನೋಡಿರ್ತೀರ ಕಣಮ್ಮ. ದ್ರೌಪದಿ ಮಾಡಿದ್ದೆ."

ಕೆಂಪರಾಜು ತಟ್ಟೆ ಬಿಟ್ಟು ಎದ್ದ. ಹುಡುಗ ಬಿಂದುಶ್ರೀಯನ್ನು ಒಮ್ಮೆ ನೋಡಿ ಅಪ್ಪನ ಹಿಂದೆ ಎದ್ದು ಹೋದ. ವಾರ ಕಳೆಯುವ ಮೊದಲೇ ಅಶೋಕ್ ಬಂದು, ಜಾತಕ ಕೂಡುವುದಿಲ್ಲವಂತೆ ಅಂದ. ಕೂಡಿದ್ದ ಜಾತಕ ಅದು ಹೇಗೆ ಬಿಟ್ಟುಕೊಂಡಿತೋ! ನನಗೆ ಮೈ ಉರಿದುಹೋಯಿತು. ದುಡ್ಡು ಕೊಟ್ಟು ಸೀರೆ ಎಳೆದವನು ಕಲಾವಿದ, ಊರಿಗೆ ದೊಡ್ಡ ಮನುಷ್ಯ. ದುಡ್ಡು ಪಡೆದು ಎಳೆಸಿಕೊಂಡವಳು ನಾಟಕದವಳು. ಇದ್ಯಾವ ನ್ಯಾಯ?

ಬಿಂದುಶ್ರೀ ಅಳಲಿಲ್ಲ. "ಇದೊಂದೇ ಮನೆನಾ ಇರಾದು? ಬುಡಮ್ಮ," ಅಂದಳು. ಅಳಲಿಲ್ಲವಲ್ಲ ಎಂದೇ ತಾಯಿಗೆ ಹೆಚ್ಚು ನೋವಾಯಿತು.

ಆ ವರ್ಷದ ಸುಗ್ಗಿ ಮುಗಿದ ಮೇಲೆ ಬೆಳಕವಾಡಿಯ ನಾಟಕದ ಮೇಷ್ಟ್ರು ದೊಡ್ಡಸಿದ್ದಯ್ಯ ವೀಳ್ಯ ಹಿಡಿದು ಬಂದರು. ಈ ವರ್ಷವೂ ದ್ರೌಪದಿಗೆ ಅವಳೇ ಬೇಕಂತೆ, ದುಶ್ಶಾಸನ ಕೆಂಪರಾಜುವೇ ಅಂತೆ. ಜಯಲಕ್ಷ್ಮಮ್ಮ ಹೊಲಿಯುತ್ತಿದ್ದ ಬ್ಲೌಸ್ ಪಕ್ಕಕ್ಕಿಟ್ಟು ವೀಳ್ಯ ತೆಗೆದುಕೊಂಡಳು. ಮೇಷ್ಟ್ರು ಹೋದ ಮೇಲೆ ನಾನು ರೇಗಿದೆ. "ಮಾನ ಮರ್ವಾದಿ ಇಲ್ವಾ ನಿಂಗೆ?"

"ನಾನ್ ಒಲ್ಲೆ ಅಂದ್ರೆ ಅವ್ನೊಬ್ಬುಂದೇ ಕೆಡಾದು ಅಂದ್ಕಂಡಾ ಅಣ್ಣ? ಈಗ ಇನ್ನೊಬ್ಳುನ್ನ ಎಲ್ಲಿಂದ ತತ್ತಾರೆ? ನಾಟುಕ ನಿಂತ್ರೆ ಮಂಚಮ್ಮುನ್ ಊವು ಯಾರ್ ತಗಂತಾರೆ? ನಿನ್ ಬಣ್ಣ?"

ನಾನು ಮನೆಗೆ ಹೋಗಿ ಬಣ್ಣದ ಪೆಟ್ಟಿಗೆ ಒರೆಸಿಟ್ಟೆ.

ರಾತ್ರಿ ಮೈಕಿಗೆ ಪರ್ಮಿಷನ್ ಸಿಗದೆ ಈಚೆಗೆ ಎಲ್ಲ ಕಡೆ ಹಗಲು ನಾಟಕ. ಅಂದು ಬೆಳಕವಾಡಿಯಲ್ಲಿ ಶಾಮಿಯಾನ ತುಂಬಿ ಜನ ಬಿಸಿಲಲ್ಲೂ ನಿಂತಿದ್ದರು. ಕೆಂಪರಾಜುವಿಗೆ ಮೀಸೆ ಅಂಟಿಸುವಾಗ ಸ್ವಲ್ಪ ಗಟ್ಟಿಯಾಗಿಯೇ ಒತ್ತಿದೆ.

ವಸ್ತ್ರಾಪಹರಣದ ಸೀನಿಗೆ ಮುಂಚೆ ದುಶ್ಶಾಸನ ಮಾಡುವವನು ಪರದೆಯ ಹಿಂದೆ ದ್ರೌಪದಿಯ ಕಾಲು ಮುಟ್ಟಿ ತಪ್ಪಾಯಿತು ಅನ್ನಬೇಕು. ಹೇಳದೆ ಸೆರಗು ಮುಟ್ಟಿದರೆ ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಕೆಂಪರಾಜು ಬಗ್ಗಿದ. ಜಯಲಕ್ಷ್ಮಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಸೀರೆ ಎಳ್ಯದುಕ್ಕೆ ತಪ್ ಯಾಕ್ ಯಜಮಾನ್ರೇ, ಅದು ಆಟ. ಆಟ ಅಲ್ದಿದ್ದು ಒಂದ್ ಮಾಡಿದ್ದೀರಲ್ಲ, ಅದು ಕಾಲ್ ಮುಟ್ಟುದ್ರೆ ಓಗಾಕಿಲ್ಲ."

ಅಷ್ಟರಲ್ಲಿ ಗಂಟೆ ಹೊಡೆಯಿತು, ಪರದೆ ಎದ್ದಿತು. ಕೆಂಪರಾಜು ಸೆರಗಿನ ತುದಿ ಹಿಡಿದು ನಿಂತ. ಹಾರ್ಮೋನಿಯಂ ಅದೇ ಸ್ವರವನ್ನು ತಿರುಗಿ ತಿರುಗಿ ನುಡಿಯಿತು. ಅವನ ಬಾಯಿಂದ ಹಾಡೂ ಬರಲಿಲ್ಲ, ಕೈಯೂ ಆಡಲಿಲ್ಲ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಆಗಲೇ ದ್ರೌಪದಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಜನ ಕೂಗಾಡತೊಡಗಿದರು.

ಪಕ್ಕದ ಪರದೆಯ ಸಂದಿಯಲ್ಲಿ ನಿಂತಿದ್ದ ನನಗೆ, ಅವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಜಯಲಕ್ಷ್ಮಮ್ಮ ಅಂದಳು: "ಎಳೀರಿ ಯಜಮಾನ್ರೇ, ಜನ ಕಾಯ್ತಾವ್ರೆ. ನಾನು ಮನ್ಗೋಗ್ಬೇಕು."