ಅಣ್ಣನ ಗಾಡಿಗೆ ನಾನು ಕೊರೆಯದ ಡಿಸ್ಕ್

ಫೆಬ್ರುವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಎಂಟೂಕಾಲು. ಕೊಟ್ಟೂರಿನ ನಮ್ಮ ಲೇತ್ ಅಂಗಡಿಯ ಷಟರನ್ನು ಇನ್ನೂ ಅರ್ಧ ಎತ್ತಿದ್ದೆ, ಅಣ್ಣ ಬಗ್ಗಿ ಒಳಗೆ ಬಂದು ತನ್ನ ಬೈಕಿನ ಮುಂದಿನ ಬ್ರೇಕ್ ಡಿಸ್ಕನ್ನು ಬೆಂಚಿನ ಮೇಲಿಟ್ಟ.

“ಗೆರಿ ಬಿದ್ದಾವ. ಒಂದು ಕಟ್ ಹೊಡದು ನುಣುಪು ಮಾಡಿಕೊಡು.”

ಅಂಗಡಿ ಅಪ್ಪನದು. ಐಟಿಐನಲ್ಲಿ ಲೇತ್ ನಡೆಸುವ ಟರ್ನರ್ ಕೋರ್ಸ್ ಮುಗಿಸಿದ ಮೇಲೆ ಎರಡನೇ ಲೇತ್ ನನ್ನದಾಯಿತು. ಟ್ರ್ಯಾಕ್ಟರ್ ಪಿನ್ನು, ಬೋರ್‌ವೆಲ್ ಮೋಟರಿನ ಶಾಫ್ಟು, ಗಿರಣಿಯ ಪುಲ್ಲಿ ಎಂದು ಮಾಡಿದ್ದನ್ನೆಲ್ಲ ತಾರೀಖು, ಅಳತೆ ಸಮೇತ ಬರೆದಿಡುವುದು ನನ್ನ ಅಭ್ಯಾಸ. ಬಂದ ಕೆಲಸವನ್ನು ಅಪ್ಪ ವಾಪಸ್ ಕಳಿಸಿದ್ದು ನಾನು ಕಂಡಿಲ್ಲ.

ಡಿಸ್ಕು ಎಷ್ಟು ದಪ್ಪಕ್ಕಿಂತ ತೆಳ್ಳಗೆ ಸವೆಯಬಾರದು ಎಂಬುದನ್ನು ಕಂಪನಿಯವರು ಅದರ ಮೇಲೇ ಕೆತ್ತಿರುತ್ತಾರೆ. ಇದರಲ್ಲಿ ಮೂರೂವರೆ ಮಿಲಿಮೀಟರ್ ಎಂದಿತ್ತು. ಮೈಕ್ರೋಮೀಟರ್ ಹಿಡಿದು ಆರು ಕಡೆ ಅಳೆದೆ. ನಾಲ್ಕು ಕಡೆ ಆಗಲೇ ಅದಕ್ಕಿಂತ ಕಡಿಮೆ. ಇನ್ನೂ ತೆಳ್ಳಗೆ ಮಾಡಿದರೆ ಕಾದಾಗ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಅಣ್ಣ ಹರಪನಹಳ್ಳಿಗೆ ದಿನಾ ಕೆಲಸಕ್ಕೆ ಹೋಗುವುದು ಇದೇ ಬೈಕಿನಲ್ಲಿ. ಅಲ್ಲೇ ಟೀಚರ್ ಆಗಿರುವ ಅತ್ತಿಗೆ ಹಿಂದೆ ಕೂರುತ್ತಾರೆ.

“ಇದನ್ನ ಮುಟ್ಟಂಗಿಲ್ಲ. ಹೊಸಾದು ಹಾಕಿಸು” ಎಂದೆ.

“ಹೊಸಾದು ನೀನ ಮಾಡು ಮತ್ತ. ದೊಡ್ಡದು, ಸುತ್ತಲೂ ತೂತಿಂದು. ಎಲ್ಲಿ ಮಾಡಿಸಿದಿ ಅಂತ ನೋಡಿದವ್ರು ಕೇಳಬೇಕು.”

ಮಧ್ಯಾಹ್ನ ಗುಜರಿಯಿಂದ ದಪ್ಪ ಸ್ಟೇನ್‌ಲೆಸ್ ಪ್ಲೇಟೊಂದನ್ನು ಹೊತ್ತು ತಂದ. ಅದನ್ನು ನಿಲ್ಲಿಸಿ, ಜೇಬಿನಿಂದ ಹಳೇ ಸ್ಪೀಕರಿನ ಮ್ಯಾಗ್ನೆಟ್ ತೆಗೆದು ತಾಗಿಸಿದ. ಮ್ಯಾಗ್ನೆಟ್ ಜಾರಿ ಕೆಳಗೆ ಬಿತ್ತು.

“ನೋಡು, ಹಿಡಿಯಂಗೇ ಇಲ್ಲ. ಅಸಲಿ ಮಾಲು!”

ನಮ್ಮಲ್ಲಿ ಸ್ಟೀಲ್ ಪಾತ್ರೆ ಕೊಳ್ಳುವ ರೀತಿ ಅದು. ಅವ್ವ ಸಂತೆಗೂ ಮ್ಯಾಗ್ನೆಟ್ ಒಯ್ಯುತ್ತಾಳೆ. ಹಿಡಿದರೆ ಕಳಪೆ, ಹಿಡಿಯದಿದ್ದರೆ ಉತ್ತಮ. ಪಕ್ಕದ ಲೇತಿನ ಮುಂದಿದ್ದ ಅಪ್ಪನೂ ತಲೆದೂಗಿದ. “ಪ್ಲೇಟ್ ಚಲೋ ಐತಿ. ಕೊರದು ಕೊಡವ್ವ, ಮನಿ ಕೆಲಸ.”

ನಾನು ಮ್ಯಾಗ್ನೆಟ್ ಎತ್ತಿ ಕಂಪನಿಯ ಹಳೇ ಡಿಸ್ಕಿಗೆ ತಾಗಿಸಿದೆ. ಟಕ್ ಎಂದು ಕಚ್ಚಿಕೊಂಡಿತು.

“ಹಂಗಾರ ಕಂಪನಿಯವ್ರು ಕಳಪಿ ಹಾಕ್ಯಾರೇನು?” ಎಂದ ಅಣ್ಣ.

“ಪಾತ್ರಿ ತುಕ್ಕು ಹಿಡೀದಿದ್ರ ಸಾಕು. ಡಿಸ್ಕು ಕಾದು, ತಿಕ್ಕಿಸಿಕೊಂಡೂ ಗಟ್ಟಿ ಇರಬೇಕು. ಅದು ಬ್ಯಾರೆ ಸ್ಟೀಲು, ಕಾಸಿ ಗಟ್ಟಿ ಮಾಡಿರ್ತಾರ. ನಿನ್ನ ಪ್ಲೇಟ್ ಎಷ್ಟು ಕಾಸಿದ್ರೂ ಹಂಗ ಆಗಂಗಿಲ್ಲ.”

“ಇದ್ರಾಗ ಸಾರು ಕಾಸಬೇಕೇನ್ಲೇ ಮತ್ತ?”

“ಕಾಸು. ಅತ್ತಿಗಿ ಹಿಂದ ಕುಂತಾಗ ಬ್ರೇಕ್ ಹಿಡಿಬ್ಯಾಡ.”

ಮ್ಯಾಗ್ನೆಟ್ ಹಿಡಿಯುವ ಪ್ಲೇಟನ್ನೇ ತರುತ್ತೇನೆಂದು ಅಣ್ಣ ಎದ್ದ. ಗೇಟು ಮಾಡುವ ಸಾದಾ ಕಬ್ಬಿಣಕ್ಕೂ ಅದು ಹಿಡಿಯುತ್ತದೆ ಎಂದು ಕೂರಿಸಿದೆ. ಸರಿಯಾದ ಸ್ಟೀಲೇ ಸಿಕ್ಕರೂ ಅದನ್ನು ಹದವಾಗಿ ಕಾಸುವ ಭಟ್ಟಿ ನಮ್ಮಲ್ಲಿಲ್ಲ. ಮನಸ್ಸಿಗೆ ಬಂದಲ್ಲಿ ತೂತು ಕೊರೆದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಅಪ್ಪ ಮುಖ ಗಂಟಿಕ್ಕಿದ. “ಆಗಂಗಿಲ್ಲ ಅಂತ ಈ ಅಂಗಡ್ಯಾಗ ನಾ ಯಾರಿಗೂ ಅಂದಿಲ್ಲವ್ವ.”

“ಇವತ್ತು ನಾ ಅಂತೀನಪ್ಪಾ.”

ಅಪ್ಪ ಹಳೇ ಡಿಸ್ಕನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಗೆರೆಯ ಮೇಲೆ ಉಗುರು ಆಡಿಸಿದ. ಆಮೇಲೆ ಅಣ್ಣನ ಕಡೆ ತಿರುಗಿ, “ಟರ್ನರ್ ಬ್ಯಾಡ ಅಂದಮ್ಯಾಲೆ ಬ್ಯಾಡ. ಗಾಡಿ ಇಲ್ಲೇ ಇರಲಿ, ಬಸ್ಸಿಗೆ ಹೋಗ್ರಿ” ಎಂದ.

ಅಪ್ಪ ನನ್ನನ್ನು ಟರ್ನರ್ ಎಂದದ್ದು ಅದೇ ಮೊದಲು. ಲೇತ್ ಒರೆಸುವ ನೆಪದಲ್ಲಿ ಆ ಕಡೆ ತಿರುಗಿ ನಿಂತೆ.

ಕಂಪನಿಯ ಡಿಸ್ಕು ದಾವಣಗೆರೆಯಿಂದ ಶುಕ್ರವಾರ ಬಂತು. ಅಷ್ಟರೊಳಗೆ ಬಸ್ಸಿನಲ್ಲಿ ನಿಂತು ಓಡಾಡಿದ ಅಣ್ಣ ಬೈದದ್ದಕ್ಕೆ ನಾನು ಲೆಕ್ಕ ಇಟ್ಟಿಲ್ಲ. ಹೊಸ ಬ್ರೇಕ್ ಪ್ಯಾಡ್ ಸಮೇತ ಕೂರಿಸಿ, ಬೋಲ್ಟುಗಳನ್ನು ಕಂಪನಿ ಹೇಳಿದಷ್ಟೇ ಬಿಗಿದು, ಓಲಾಟ ಅಳೆಯುವ ಡಯಲ್ ಗೇಜ್ ತಾಗಿಸಿ ಚಕ್ರ ತಿರುಗಿಸಿದೆ. ಡಿಸ್ಕು ಓಲಾಡಿದ್ದು ಮಿತಿಯ ಅರ್ಧಕ್ಕಿಂತ ಕಡಿಮೆ. ಸಂಜೆ ಖಾಲಿ ರಸ್ತೆಯಲ್ಲಿ ಅಣ್ಣ ಮೊದಮೊದಲು ಮೆಲ್ಲಗೆ ಬ್ರೇಕ್ ಹಿಡಿದು ಬಿಟ್ಟು ಪ್ಯಾಡ್ ಪಳಗಿಸಿದ, ಕೊನೆಗೆ ಜೋರಾಗಿ ಹಿಡಿದ. ಬೈಕ್ ನೆಟ್ಟಗೆ ನಿಂತಿತು. ಸೋಮವಾರ ಅತ್ತಿಗೆ ಹಿಂದೆ ಕೂತು ಹೋದರು.

ಅಣ್ಣನ ದೊಡ್ಡ ಡಿಸ್ಕಿನ ಆಸೆ ಮಾತ್ರ ಹೋಗಿಲ್ಲ. ಸರಿಯಾಗಿ ಮಾಡುವ ದಾರಿ ಇದ್ದರೆ ನನಗೂ ಕಲಿಯುವ ಆಸೆ. ಡಿಸ್ಕಿಗೆ ಹೊಂದುವ ಸ್ಟೀಲು ಹೊಸಪೇಟೆ, ದಾವಣಗೆರೆ ಕಡೆ ಎಲ್ಲಿ ಸಿಗುತ್ತದೆ, ಕಾಸಿ ಗಟ್ಟಿ ಮಾಡಿ ಪರೀಕ್ಷಿಸಿ ಕೊಡುವವರು ಯಾರು, ನನಗೆ ತಿಳಿಯದು. ಬಲ್ಲವರು ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ.