ಬನ್ನಿಯ ದಿನ ಬಾಗಿಲಿಗೆ ಬೀಗ

ಆ ಸಿನಿಮಾದ ಸುದ್ದಿ ಎತ್ತಿದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಹೆಸರು ಬರೆದು ಅದಕ್ಕೆ ಇನ್ನಷ್ಟು ಪ್ರಚಾರ ಕೊಡುವ ಮನಸ್ಸಿಲ್ಲ. ದಸರೆ ಇನ್ನೂ ದೂರವಿರುವಾಗಲೇ ಅದರ ಹಾವಳಿ ಶುರುವಾಗಿತ್ತು. ಸೇಡಂನಿಂದ ಶಹಾಬಾದಿನವರೆಗೆ ಒಂದು ಗೋಡೆಯೂ ಖಾಲಿ ಉಳಿಯಲಿಲ್ಲ. ಎಲ್ಲಿ ನೋಡಿದರೂ ಒಂದು ಹಿಂಡು ಜನ ಒಂದೇ ಬಣ್ಣದ ರೇಷ್ಮೆ ಉಟ್ಟು ಹಲ್ಲು ಕಿರಿಯುತ್ತಿದ್ದರು. ವಾಡಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಮೈಕು ಕಟ್ಟಿಕೊಂಡ ಆಟೋ ಬಂದು, 'ಈ ದಸರಾ, ಇಡೀ ಮನೆತನಕ್ಕೆ ಒಂದೇ ಸಿನಿಮಾ!' ಎಂದು ಒದರುತ್ತಿತ್ತು. ಬಿಸ್ಕೀಟಿನ ಪುಡಿಕೆಯ ಮೇಲೂ ಅದರ ನಾಯಕಿಯೇ. ಚಹಾಕ್ಕೆ ಬಿಸ್ಕೀಟು ಬೇಕೆಂದರೆ ಅವಳ ಮುಖ ಹರಿಯಬೇಕಿತ್ತು. ನನಗೆ ಸಿಕ್ಕ ಸಮಾಧಾನ ಅದೊಂದೇ.

ಇಷ್ಟು ಡಂಗುರ ಹೊಡೆಯುವ ಮಾಲು ಒಳಗೆ ಹುಳಿತಿರುತ್ತದೆ ಎಂದು ನಾನು ಅಂದೇ ಅಂದಿದ್ದೆ. ಮನೆಯಲ್ಲಿ ಯಾರು ಕೇಳಬೇಕು?

ನಮ್ಮ ಕಡೆ ದಸರೆಯ ಸಂಜೆಗೆ ಒಂದು ರೀತಿಯಿದೆ. ಕಿರಿಯರು ಬನ್ನಿ ಎಲೆ ಹಿಡಿದು ಹಿರಿಯರ ಮನೆಗೆ ಹೋಗಬೇಕು, ಕೈಯಲ್ಲಿ ಎಲೆಯಿಟ್ಟು ಕಾಲು ಮುಟ್ಟಬೇಕು. 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎಂದರೆ ಹಳೆಯ ಜಗಳ ಅಲ್ಲಿಗೆ ತೀರಿತು; ತಪ್ಪು ಯಾರದೆಂದು ಯಾರೂ ಕೆದಕುವುದಿಲ್ಲ. ಅದಕ್ಕೇ ಆ ಸಂಜೆ ಯಾರೂ ಮನೆಗೆ ಬೀಗ ಹಾಕುವುದಿಲ್ಲ. ಹಾಕಿದರೆ 'ನಿಮ್ಮ ಬನ್ನಿ ನಮಗೆ ಬೇಡ' ಎಂದೇ ಜನ ತಿಳಿಯುತ್ತಾರೆ.

ನಮ್ಮವರಿಗೂ ಸೇಡಂನಲ್ಲಿರುವ ಅವರ ಅಣ್ಣನಿಗೂ, ಅಂದರೆ ನನ್ನ ಭಾವನಿಗೂ, ಮಾತು ನಿಂತು ಮೂರು ವರ್ಷವಾಗಿತ್ತು. ಭಾವನ ಮಗಳ ಮದುವೆಯಲ್ಲಿ ಹಂದರದೊಳಗೆ ಗಂಡಸರಿಗೆಲ್ಲ ಟಾವೆಲ್, ಟೋಪಿ ಉಡುಗೊರೆ ಕೊಟ್ಟು ಆಯೇರಿ ಮಾಡುವಾಗ ಗದ್ದಲದಲ್ಲಿ ಇವರ ಹೆಸರು ಕೂಗುವುದು ತಪ್ಪಿಹೋಯಿತು. ಸ್ವಂತ ಕಾಕಾನನ್ನೇ ಮರೆತರು ಎಂದು ಇವರು ಊಟ ಮಾಡದೆ ಎದ್ದು ಬಂದರು. ಮೈಮೇಲೆ ಒಂದು ಸಲ ಹೊದ್ದು ಪೆಟ್ಟಿಗೆಗೆ ಹಾಕುವ ಟಾವೆಲಿಗಾಗಿ ಅಣ್ಣತಮ್ಮಂದಿರು ಮುಖ ತಿರುಗಿಸಿದರು. ಈ ಸಲ ಭಾವನಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂಬ ಸುದ್ದಿ ಬಂದಿತ್ತು. ನಮ್ಮವರು ತಾವಾಗಿಯೇ, 'ದಸರಾಕ್ಕ ಸೇಡಂಗ ಹೋಗಿ ಬನ್ನಿ ಕೊಟ್ಟು ಬರ್ತೀನಿ' ಅಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಮಗಳ ಫೋನಿಗೆ ಜಾಹೀರಾತು ಬಂತು. ಹಬ್ಬದ ದಿನವೇ ಇಡೀ ಕುಟುಂಬ ಸಿನಿಮಾಕ್ಕೆ ಬಂದರೆ ನಾಯಕನೊಡನೆ ಫೋಟೋ. ಅವಳು ಕುಣಿದಳು, ಅವಳಪ್ಪ ಕರಗಿದರು.

'ಬನ್ನಿ ನಾಳಿ ಕೊಟ್ರ ಬ್ಯಾಡ ಅಂತಾರೇನು? ನಾಳಿ ಹೋಗ್ತೀನಿ ಬಿಡು.'

'ಬನ್ನಿ ದಿನ ಮನಿಗಿ ಬೀಗ ಹಾಕ್ತಾರೇನ್ರಿ?' ಎಂದೆ.

'ನಮ್ಮನಿಗಿ ಯಾರ ಬರ್ತಾರ?'

ಅದೂ ನಿಜವೆನ್ನಿಸಿತು. ಬೈದುಕೊಳ್ಳುತ್ತಲೇ ಹೊರಟೆ.

ಕಲಬುರಗಿಯ ಮಾಲಿನಲ್ಲಿ ನಾಯಕ ಇರಲಿಲ್ಲ. ಅವನ ರಟ್ಟಿನ ಗೊಂಬೆ ನಿಲ್ಲಿಸಿದ್ದರು. ಜನ ಅದರ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳಲು ಸಾಲು ಹಚ್ಚಿದ್ದರು. ನಮ್ಮವರೂ ನಿಂತರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ಸಿನಿಮಾ. ರೇಷ್ಮೆ ಸೀರೆಯಲ್ಲಿ ಹೋಳಿಗೆ ಲಟ್ಟಿಸುವ ಹೆಂಗಸರು, ಒಬ್ಬರ ಹಣೆಯಲ್ಲೂ ಒಂದು ಹನಿ ಬೆವರಿಲ್ಲ. ತುಟಿಗೆ ಬಣ್ಣ ಬಳಿದುಕೊಂಡ ಅಜ್ಜಿ. ಬನ್ನಿ ಎಲೆಗೂ ಬಂಗಾರದ ಬಣ್ಣ ಹೊಡೆದಿದ್ದರು, ಇದ್ದ ಹಸಿರು ಸಾಲದೆಂಬಂತೆ. ಕೊನೆಗೆ ಮುನಿಸಿಕೊಂಡ ಅಣ್ಣ ಕಾರಿನಿಂದ ಇಳಿದು, ಬನ್ನಿ ಹಿಡಿದು ತಮ್ಮನ ಮನೆಗೆ ತಾನೇ ಬಂದ. ನನಗೆ ತಡೆಯಲಾಗಲಿಲ್ಲ.

'ಸುಳ್ಳರು! ಯಾವ ಊರಾಗ ಅಣ್ಣ ಆದಾಂವ ತಮ್ಮನ ಮನಿಗಿ ಬನ್ನಿ ತಗೊಂಡು ಬರ್ತಾನ?' ಎಂದು ಜೋರಾಗಿಯೇ ಅಂದೆ. ಮುಂದಿನ ಸಾಲಿನವರು ತಿರುಗಿ ನೋಡಿದರು, ಮಗಳು ಚಿವುಟಿದಳು.

ಪಕ್ಕಕ್ಕೆ ನೋಡಿದರೆ ನಮ್ಮವರು ಬಿಕ್ಕಿಬಿಕ್ಕಿ ಅಳುತ್ತಿದ್ದರು. ಒಡಹುಟ್ಟಿದವನಿಗಾಗಿ ಮೂರು ವರ್ಷದಲ್ಲಿ ಒಂದು ಹನಿಯೂ ಉದುರದ ಕಣ್ಣೀರು, ಮುಖಕ್ಕೆ ಬಣ್ಣ ಹಚ್ಚಿಕೊಂಡ ಯಾರಿಗೋ ಧಾರಾಳವಾಗಿ ಹರಿಯುತ್ತಿತ್ತು. ಹೊರಗೆ ಬಂದಾಗ ಅವರ ಮುಖ ಹಗುರಾಗಿತ್ತು, ಮಾಡಬೇಕಾದ ಕೆಲಸ ಮಾಡಿ ಮುಗಿಸಿದವರ ಹಾಗೆ. ಅದನ್ನು ಕಂಡು ಇನ್ನೂ ಅಸಹ್ಯವಾಯಿತು.

ರೈಲಿಳಿದು ಓಣಿಗೆ ಬರುತ್ತಲೇ ಪಕ್ಕದ ಮನೆಯಾಕೆ ಓಡಿಬಂದಳು.

'ಎಲ್ಲಿ ಹೋಗಿದ್ರಿ? ಸೇಡಂದಿಂದ ನಿಮ್ಮ ಭಾವನೋರು ಬಂದಿದ್ರು. ಕೈಯಾಗ ಬನ್ನಿ ಇತ್ತು. ಭಾಳ ಹೊತ್ತು ನಿಮ್ಮ ಕಟ್ಟಿ ಮ್ಯಾಲ ಕುಂತಿದ್ರು. ನಮ್ಮನಿಗಿ ಬರ್ರಿ ಅಂದೆ, ಬರಲಿಲ್ಲ. ಫೋನ್ ಹಚ್ಚಲೇನ್ರಿ ಅಂದ್ರ, ಬ್ಯಾಡ ಅಂದ್ರು.'

'ಬನ್ನಿ?' ಎಂದೆ.

'ಬಾಗಿಲಿಗಿ ಸಿಗಿಸಿ ಹೋಗ್ರಿ ಅಂದೆನ್ರಿ. ಕೈಯಾಗ ಕೊಡೋದದ, ಬೀಗಕ್ಕ ಕೊಡೋದಲ್ಲ ಅಂತಂದು ಎದ್ದು ಹೋದ್ರು.'

ಯಾವ ಊರಲ್ಲೂ ನಡೆಯದು ಎಂದು ನಾನು ಒದರಿದ್ದು ನನ್ನ ಮನೆಯ ಮುಂದೆಯೇ ನಡೆದುಹೋಗಿತ್ತು. ಮೈಯಲ್ಲಿ ನೆಟ್ಟಗಿಲ್ಲದ ಆ ಹಿರಿಯ ಜೀವ ತನ್ನ ದೊಡ್ಡತನ ಪಕ್ಕಕ್ಕಿಟ್ಟು, ರೈಲು ಹತ್ತಿ ಬಂದು, ನಮ್ಮ ಬೀಗ ನೋಡಿಕೊಂಡು ವಾಪಸು ಹೋಗಿತ್ತು. ನಮ್ಮವರು ಕೀಲಿ ಕೈಯಲ್ಲಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದರು. ಈಗ ಅವರಿಗೆ ಅಳು ಬರಲಿಲ್ಲ.

ಮರುದಿನ ಬೆಳಿಗ್ಗೆ ಬನ್ನಿ ಹಿಡಿದು ಹೊರಡಲು ಸಿದ್ಧರಾದರು. ಮೊದಲು ಫೋನ್ ಮಾಡು ಎಂದರು. ತಾವೇ ಮಾಡುವ ಧೈರ್ಯ ಅವರಿಗಿರಲಿಲ್ಲ. ಫೋನೆತ್ತಿದ್ದು ಭಾವನ ಹೆಂಡತಿ.

'ಅಕ್ಕಾ, ತಪ್ಪ ತಿಳೀಬ್ಯಾಡ್ರಿ. ಬೇಕಂತ ಬೀಗ ಹಾಕಿದ್ದಲ್ರಿ. ಸಿನಿಮಾಕ್ಕ ಹೋಗಿದ್ವಿ. ಇವರು ಈಗ ನಿಮ್ಮ ಕಡೆ ಬರಾಕತ್ತಾರ್ರಿ.'

'ಬ್ಯಾಡವಾ. ನಿನ್ನಿ ಬಂದವ್ರೇ ಬನ್ನಿ ಬಾವ್ಯಾಗ ಹಾಕಿ ಬಂದಾರ. ಬಂದ್ರೂ ಮಾತಾಡಲ್ಲ ಅಂತ ಹೇಳು ಅಂದಾರ.'

ಅಷ್ಟು ಹೇಳಿ ಆಕೆಯೇ ಕೇಳಿದಳು.

'ಆ ಗ್ವಾಡಿಗೆಲ್ಲ ಹಚ್ಚ್ಯಾರಲ್ಲ, ಅದ ಸಿನಿಮಾ ಏನು? ಅದರಾಗ ಅಣ್ಣ ತಮ್ಮ ಕೂಡ್ತಾರಂತ, ಖರೇ ಏನು?'

'ಹೌದ್ರಿ ಅಕ್ಕಾ' ಎಂದೆ.

'ಅಲ್ಲಿಯಾದ್ರೂ ಕೂಡ್ಲಿ ಬಿಡವಾ' ಎಂದು ಆಕೆ ಫೋನ್ ಇಟ್ಟಳು.