ತಪ್ಪಿಗೊಂದು ಗೀರು

ನವೆಂಬರ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಮೊದಲ ಮಗು ಓದಲು ಶುರು ಮಾಡಿತು. ಜಾಗ, ಕೋಗಿಲು ಕಡೆಯ ಒಂದು ಸರ್ಕಾರಿ ಶಾಲೆಯ ಕಾರಿಡಾರಿನ ಕೊನೆ. ಬೆಂಚಿನ ಮೇಲೆ ಅಕ್ಕ, ಅವರ ಪಕ್ಕದಲ್ಲಿ ನಾನು, ಎದುರಿನ ಕುರ್ಚಿಯಲ್ಲಿ ಮಗು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಜಕ್ಕೂರಿನ ಒಂದು ಖಾಸಗಿ ಶಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿ, ಪಿಎಚ್‌ಡಿ ಮಾಡಲೆಂದು ಸಂಬಳವಿಲ್ಲದ ರಜೆ ಹಾಕಿದ್ದವರು. ರಜೆ ಮೇ ಕೊನೆಗೆ ಮುಗಿಯುತ್ತಿತ್ತು. ಇನ್ನೊಮ್ಮೆ ಕೊಡುವುದಿಲ್ಲವೆಂದು ಶಾಲೆಯವರು ಮೊದಲೇ ಹೇಳಿದ್ದರು. ಅಷ್ಟರೊಳಗೆ ಮಕ್ಕಳ ಓದನ್ನು ಅಳೆದು, ಆ ಅಧ್ಯಾಯವನ್ನು ಬರೆದು ಗೈಡ್ ಕೈಗೆ ಕೊಡಬೇಕು. ನಾನು ಅವರ ಸಹಾಯಕ. ಯಾವುದು ಎಷ್ಟು ಗಂಟೆಗೆ ಆಯಿತೆಂದು ಬರೆದಿಡುವ ಚಾಳಿ ನನಗೆ ಹೈಸ್ಕೂಲಿನಿಂದಲೂ ಇದೆ. ಕೆಲಸ ಸಿಕ್ಕಿದ್ದೂ ಅದರಿಂದಲೇ.

ಕೆಲಸ ಸರಳ. ಕೆರೆಯ ಆಮೆಯ ಬಗ್ಗೆ ಅಕ್ಕನೇ ಬರೆದ ಒಂದು ಪುಟದ ಕಥೆಯನ್ನು ಮಗು ಒಂದು ನಿಮಿಷ ಗಟ್ಟಿಯಾಗಿ ಓದಬೇಕು. ಅದೇ ಕಥೆಯ ಹಾಳೆ ನಮ್ಮಿಬ್ಬರ ಪ್ಯಾಡಿನಲ್ಲೂ ಇರುತ್ತದೆ. ಮಗು ತಪ್ಪಿ ಓದಿದ ಪದದ ಮೇಲೆ ಒಂದು ಗೀರು ಎಳೆಯಬೇಕು. ತಾನಾಗಿಯೇ ತಿದ್ದಿಕೊಂಡರೆ ಗೀರಿಗೆ ಸುತ್ತು ಹಾಕಬೇಕು, ಆಗ ಅದು ಸರಿ ಎಂದೇ ಲೆಕ್ಕ. ಇಬ್ಬರೂ ಒಬ್ಬರ ಹಾಳೆ ಒಬ್ಬರು ನೋಡಬಾರದು. ಕೊನೆಗೆ ಎರಡೂ ಹಾಳೆ ಹೋಲಿಸಿದಾಗ ಗೀರುಗಳು ಹೊಂದಿಕೊಂಡರೆ, ಅಳತೆ ನಂಬಬಹುದಾದದ್ದು, ಅಳೆಯುವವರ ಮನಸ್ಸಿಗೆ ಬಂದಂತೆ ಬದಲಾಗುವುದಲ್ಲ ಎಂದರ್ಥ. ಯಲಹಂಕ ವಾಯುನೆಲೆಯಿಂದ ಜೆಟ್ ಹಾರಿ ಸದ್ದಾದರೆ ಆ ಓದು ರದ್ದು. ಮಗುವಿಗೆ ಇನ್ನೊಂದು ದಿನ ಅವಕಾಶ.

ಡಿಸೆಂಬರ್ ಮೂರನೇ ವಾರಕ್ಕೆ ನಾಲ್ಕು ಮತ್ತು ಐದನೇ ತರಗತಿ ಎರಡೂ ಬಹುತೇಕ ಮುಗಿದವು. ನಮ್ಮ ಗೀರುಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿದ್ದವು. ಯಶವಂತಪುರದಲ್ಲಿದ್ದ ಗೈಡ್ ಸರ್ ಫೋನಿನಲ್ಲಿ, "ಇಷ್ಟು ಹೊಂದಿಕೆ ನಾನೇ ಕಂಡಿಲ್ಲ. ಬರೆಯೋಕೆ ಕೂತ್ಕೊಳ್ಳಿ" ಎಂದರು. ಅಕ್ಕ ಅಂದು ಇಬ್ಬರಿಗೂ ಮಸಾಲೆ ದೋಸೆ ಕೊಡಿಸಿದರು.

ಜನವರಿ ಎಂಟು, ಗುರುವಾರ. ಜೆಟ್ಟಿನಿಂದ ರದ್ದಾಗಿದ್ದ ಕೆಲವರ ಓದು ಬಾಕಿ ಇತ್ತು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬಂದು ಕೂತಳು. ಮನೆಯಲ್ಲಿ ಉರ್ದು, ಕನ್ನಡ ಕಲಿತದ್ದು ಶಾಲೆಯಲ್ಲಿ. ಅವಳು ಓದುವಾಗ ಕಣ್ಣು ಪುಟದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಪದ ಓದುವುದು, ಕಣ್ಣೆತ್ತುವುದು, ಮತ್ತೆ ಕೆಳಗೆ. ಎರಡು ಕಡೆ ಹಿಂದಕ್ಕೆ ಹೋಗಿ ತಿದ್ದಿಕೊಂಡಳು. ನಿಮಿಷ ಮುಗಿದ ಮೇಲೆ ಅಕ್ಕ ಕೇಳಿದರು: "ಪುಟ ಬಿಟ್ಟು ಏನಮ್ಮ ನೋಡ್ತಿದ್ದೆ?"

"ನಿಮ್ಮ ಪೆನ್ನು, ಮಿಸ್."

"ಯಾಕೆ?"

"ಅದು ಅಳ್ಳಾಡಿದ್ರೆ ತಪ್ಪು. ಸುಮ್ನೆ ಇದ್ರೆ ಸರಿ."

ಬಾಗಿಲ ಬಳಿ ಸರದಿಗೆ ನಿಂತಿದ್ದ ಹುಡುಗ ಅಲ್ಲಿಂದಲೇ, "ಅದನ್ನ ಮಿಸ್‌ಗೇ ಹೇಳ್ತೀಯಲ್ಲೇ. ನಮ್ಗೆ ಈಗ ಹೆಂಗೆ ಗೊತ್ತಾಗ್ಬೇಕು?" ಎಂದು ಅವಳನ್ನು ಗದರಿದ.

"ನಿಂಗೂ ಗೊತ್ತೇನೋ?" ಅಕ್ಕ ಕೇಳಿದರು.

"ಕ್ಲಾಸಿಗೆಲ್ಲಾ ಗೊತ್ತು, ಮಿಸ್. ಫಸ್ಟ್ ಡೇನೇ ಗೊತ್ತಾಯ್ತು. ನಿಮ್ದು ಟರ್ ಅಂತ ಸೌಂಡೂ ಬರತ್ತೆ."

ನಿಜ. ಅಕ್ಕನದು ಪರೀಕ್ಷೆ ಪೇಪರು ತಿದ್ದಿ ತಿದ್ದಿ ಪಳಗಿದ ಕೈ. ಅವರು ಗೀರು ಎಳೆದರೆ ಕೆಳಗಿನ ಹಾಳೆಯಲ್ಲೂ ಮೂಡುತ್ತಿತ್ತು. ಪ್ಯಾಡು ಮರದ್ದು. ಮಕ್ಕಳನ್ನು ಕಳಿಸಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದರು.

"ಗುರು, ನಿಂಗೂ ಕೇಳಿಸುತ್ತಾ?"

"ಕೇಳಿಸುತ್ತೆ ಅಕ್ಕ."

"ಕೇಳಿಸಿದಾಗ ನೀನೂ ಗೀರ್ತೀಯಾ?"

ಗೊತ್ತಿಲ್ಲ ಎಂದೆ. ಅದು ಸರಿಯಾದ ಉತ್ತರವೇ ಆಗಿತ್ತು. ಗೊತ್ತು ಮಾಡಿಕೊಳ್ಳಲು ಅಂದೇ ಊಟದ ನಂತರ ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದೆವು. ಅಕ್ಕ ತಮ್ಮ ಪ್ಯಾಡಿಗೆ ಶಾಲು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಎದ್ದು ಹೋಗಿ ಮಗುವಿನ ಬೆನ್ನ ಹಿಂದೆ ಕೂತೆ. ಇನ್ನೊಂದು ಕಥೆ ಕೊಟ್ಟು ಐದು ಮಕ್ಕಳನ್ನು ಓದಿಸಿದೆವು. ಹಾಳೆ ಹೋಲಿಸಿದರೆ, ಒಬ್ಬರು ಗೀರಿದ ಪದಗಳಲ್ಲಿ ಸುಮಾರು ಮೂರರಲ್ಲಿ ಒಂದನ್ನು ಇನ್ನೊಬ್ಬರು ಗೀರಿರಲಿಲ್ಲ. ಐದೇ ಮಕ್ಕಳಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಆದರೂ ಅಕ್ಕ ಗೀರುಗಳನ್ನು ಮತ್ತೊಮ್ಮೆ ಎಣಿಸಿದರು.

ಆವರೆಗಿನ ನಮ್ಮ ಹೊಂದಿಕೆಯಲ್ಲಿ ಎಷ್ಟು ಮಗುವಿನ ಓದಿನಿಂದ ಬಂದದ್ದು, ಎಷ್ಟು ಅಕ್ಕನ ಪೆನ್ನಿನ ಸದ್ದಿನಿಂದ ಬಂದದ್ದು ಎಂದು ಬೇರ್ಪಡಿಸಲು ದಾರಿ ಇರಲಿಲ್ಲ. ಮಕ್ಕಳ ಅಂಕದ್ದೂ ಅದೇ ಕಥೆ. ಪೆನ್ನು ನೋಡಿ ತಿದ್ದಿಕೊಂಡವರಿಗೆ ತಪ್ಪು ಕಡಿಮೆಯಾಗಿ, ವೇಗವೂ ಕಡಿಮೆಯಾಗಿತ್ತು. ನೋಡದೆ ಓದಿದವರಿಗೆ ಎರಡೂ ಹೆಚ್ಚು.

ಅಕ್ಕ ಸರ್‌ಗೆ ಫೋನ್ ಮಾಡಿ, ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು. ಸರ್ ಎಲ್ಲ ಕೇಳಿಸಿಕೊಂಡು, "ಅಧ್ಯಾಯದ ಕೊನೇಲಿ ಮಿತಿಗಳು ಅಂತ ಒಂದು ಪ್ಯಾರಾ ಇರುತ್ತಲ್ಲ, ಅದ್ರಲ್ಲಿ ಬರೆದುಬಿಡಿ. ನಿಮಗೆ ಟೈಮೂ ಇಲ್ಲ" ಎಂದರು.

"ಮಿತಿ ಅಲ್ಲ ಸರ್ ಇದು. ನಾನು ಅಳೆದಿದ್ದೇ ಬೇರೆ."

"ಹೊಸದಾಗಿ ಮಾಡಿದ್ರೆ ಮೇ ಒಳಗೆ ಮುಗಿಯುತ್ತಾ?"

"ಇಲ್ಲ ಸರ್."

ಅಕ್ಕ ಹತ್ತು ದಿನ ಯೋಚಿಸಿದರು. ಹದಿನೈದಕ್ಕೆ ಸಂಕ್ರಾಂತಿ, ಬಂದು ಎಳ್ಳುಬೆಲ್ಲ ಕೊಟ್ಟು ಹೋದರು. ಹತ್ತೊಂಬತ್ತರ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಯ ಗೇಟಿನಲ್ಲಿ ಸಿಕ್ಕರು. ಕೈಯಲ್ಲಿ ಹೊಸ ಕಥೆಯ ಜೆರಾಕ್ಸ್ ಕಟ್ಟು ಇತ್ತು. "ನಾಲ್ಕನೇ ಕ್ಲಾಸಾದ್ರೂ ಆಗುತ್ತೆ, ನಡಿ" ಎಂದರು.

ಅದೂ ಸುಲಭವಾಗಲಿಲ್ಲ. ಮೊದಲು ಸರಿಯಿರಲಿ ತಪ್ಪಿರಲಿ, ಪ್ರತಿ ಪದಕ್ಕೂ ಒಂದು ಗುರುತು ಹಾಕಿ ನೋಡಿದೆವು, ಮಕ್ಕಳಿಗೆ ಸುಳಿವು ಸಿಗದಿರಲಿ ಎಂದು. ಅವರು ಒಂದು ಪದ ಓದಿ ಪೆನ್ಸಿಲ್ ಆಡುವವರೆಗೆ ಕಾಯತೊಡಗಿದರು. ಓದನ್ನು ರೆಕಾರ್ಡ್ ಮಾಡೋಣವೆಂದರೆ ಹೆಡ್ ಮಿಸ್ ಎಲ್ಲ ಪೋಷಕರ ಒಪ್ಪಿಗೆ ಕೇಳಿದರು. ಕೇಳಿದ್ದು ಸರಿಯೇ, ಆದರೆ ಅರ್ಧದಷ್ಟು ಮನೆಗಳಿಂದ ಒಪ್ಪಿಗೆ ಬರಲಿಲ್ಲ. ಕೊನೆಗೆ ಶಾಲು, ಪೆನ್ಸಿಲ್, ಬೆನ್ನ ಹಿಂದೆ ನಾನು, ಇದೇ ಉಳಿಯಿತು. ಆಗಲೂ ಕೆಲವರು ನಡುವೆ ತಿರುಗಿ, ನಾನಿದ್ದೇನಾ ಎಂದು ನೋಡುತ್ತಿದ್ದರು.

ಮಾರ್ಚ್ ಪರೀಕ್ಷೆಗಳ ಹೊತ್ತಿಗೆ ನಾಲ್ಕನೇ ತರಗತಿ ಮುಗಿಯಿತು. ಹೊಂದಿಕೆ ಮೊದಲಿಗಿಂತ ಸಾಕಷ್ಟು ಕಡಿಮೆ. ಅಕ್ಕ ಅದನ್ನೇ ಬರೆದರು. ಹಳೆಯ ಹಾಳೆಗಳನ್ನು ಯಾಕೆ ಬಿಟ್ಟೆವೆಂಬುದನ್ನೂ ಬರೆದರು. ಮೇ ಇಪ್ಪತ್ತರಂದು ಗೈಡ್ ಸರ್ ಕಡೆಯಿಂದ ಅಧ್ಯಾಯ ವಾಪಸ್ ಬಂತು: ಕೆಲಸ ಚೆನ್ನಾಗಿದೆ, ಮಕ್ಕಳ ಸಂಖ್ಯೆ ಸಾಲದು, ಇನ್ನೊಂದು ಶಾಲೆಯಾದರೂ ಬೇಕು.

ಜೂನ್‌ನಲ್ಲಿ ಅಕ್ಕ ತಮ್ಮ ಶಾಲೆಗೆ ಮರಳಿದರು. ಇನ್ನೊಂದು ಶಾಲೆಯ ಕೆಲಸವನ್ನು ಅವರಿಗೆ ಬಿಡುವಿರುವ ಶನಿವಾರಗಳಲ್ಲಿ ಮಾಡಬೇಕು. ಚಿಕ್ಕಜಾಲದಲ್ಲಿ ಒಂದು ಶಾಲೆ ಒಪ್ಪಿದೆ. ಹೀಗೆ ಮಾಡಿದರೆ ಪಿಎಚ್‌ಡಿ ಯಾವಾಗ ಮುಗಿಯುತ್ತದೆ ಎಂಬುದಕ್ಕೆ ನನ್ನಲ್ಲಿ ಲೆಕ್ಕವಿಲ್ಲ.

ಮೊದಲ ವಾರದಲ್ಲೇ ಒಂದು ಸಂಜೆ ಫೋನ್ ಮಾಡಿದ್ದರು.

"ಇವತ್ತು ಕ್ಲಾಸಲ್ಲಿ ಓದಿಸ್ದೆ ಕಣೋ. ಪೆನ್ನೂ ಇಲ್ಲ, ಪುಸ್ತಕಾನೂ ಇಲ್ಲ, ಕೈ ಕಟ್ಕೊಂಡು ಕೂತಿದ್ದೆ."

"ಆಮೇಲೆ?"

"ಎಲ್ಲಾ ನನ್ನ ಹುಬ್ಬು ನೋಡ್ಕೊಂಡು ಓದಿದ್ರು."

ಮಕ್ಕಳಿಂದ ಗಟ್ಟಿಯಾಗಿ ಓದಿಸಿ ಅಳತೆ ಮಾಡಿದವರು ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ. ರೆಕಾರ್ಡ್ ಮಾಡಲಾಗದ ಕಡೆ, ಮಗುವಿನ ಕಣ್ಣಿಗೂ ಪಕ್ಕದವರ ಕಿವಿಗೂ ಬೀಳದಂತೆ ಗುರುತು ಹಾಕುವುದು ಹೇಗೆ? ಹುಬ್ಬಿನ ವಿಷಯಕ್ಕೆ ಏನು ಮಾಡುತ್ತೀರಿ? ಗೊತ್ತಿದ್ದವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಚಿಕ್ಕಜಾಲದ ಮೊದಲ ಶನಿವಾರಕ್ಕೆ ಮುಂಚೆ ಸಿಕ್ಕರೆ ಅನುಕೂಲ.